ಜ್ವಾಲೆಯಿಲ್ಲದ ಉರಿ: ಭದ್ರಾವತಿಯಿಂದ ದಾಂಡೇಲಿಗೆ

ಮಲೆನಾಡಿನ ಮರಗಳ ಮಾತೆತ್ತುವವರು ಸಾಮಾನ್ಯವಾಗಿ ಆಗುಂಬೆಯಿಂದಲೋ ಜೋಗದಿಂದಲೋ ಶುರುಮಾಡುತ್ತಾರೆ. ಕೊಳೆಯುವ ಮರದ ಜಾಡು ಹಿಡಿದು ಹೊರಟವರಿಗೆ ಭದ್ರಾವತಿಯೇ ಸರಿಯಾದ ಮೊದಲ ನಿಲ್ದಾಣ. ಭದ್ರಾ ನದಿಯ ದಡದ ಈ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗ ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇರಲಿಲ್ಲ. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಇಳಿದು ಬಂತು. ಅದನ್ನು ಕರಗಿಸುವ ಶಾಖ ಸುತ್ತಲಿನ ಕಾಡಿನಿಂದ ಬಂತು. ಮರವನ್ನು ಗಾಳಿಯಾಡದ ಕೋಣೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವ, ಹೊರಟ ಹಬೆಯನ್ನು ತಣಿಸಿ ರಾಸಾಯನಿಕಗಳನ್ನು ಇಳಿಸಿಕೊಳ್ಳುವ ಘಟಕವೂ ಕಾರ್ಖಾನೆಗೆ ಅಂಟಿಕೊಂಡೇ ಇತ್ತು. ಹಲವು ತಲೆಮಾರುಗಳನ್ನು ಕಂಡ ಮರ ಕೆಲವೇ ದಿನಗಳಲ್ಲಿ ಇದ್ದಿಲಾಗಿ ಕುಲುಮೆಯ ಬಾಯಿ ಸೇರುತ್ತಿತ್ತು. ಅದೇ ಊರಿನಲ್ಲಿ 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಒಂದು ಕಡೆ ಮರವನ್ನು ಸುಡುವ ಕೆಲಸ, ಇನ್ನೊಂದು ಕಡೆ ಅದರ ನಾರನ್ನು ಬಿಡಿಸುವ ಕೆಲಸ. ಮರಕ್ಕೆ ಮನುಷ್ಯ ತೋರಿಸಿದ ಈ ಎರಡು ದಾರಿಗಳಿಗಿಂತ ಕೋಟ್ಯಂತರ ವರ್ಷ ಹಳೆಯದಾದ ಮೂರನೆಯ ದಾರಿಯೊಂದಿದೆ. ನಾವು ಅದನ್ನು ‘ಕೊಳೆಯುವುದು’ ಎಂದು ಕರೆದು ಸುಮ್ಮನಾಗುತ್ತೇವೆ. ಆ ಮಾತಿನಲ್ಲಿ ಹೊಲಸಿದೆ, ಸೋಲಿದೆ, ಅಲಕ್ಷ್ಯವಿದೆ. ನನ್ನ ವಾದ ಬೇರೆ. ಕಾಡಿನಲ್ಲಿ ಬಿದ್ದ ಮರ ಕೊಳೆಯುವುದಿಲ್ಲ, ಉರಿಯುತ್ತದೆ. ಅದು ಜ್ವಾಲೆಯಿಲ್ಲದ, ಹೊಗೆಯಿಲ್ಲದ, ವರ್ಷಗಟ್ಟಲೆ ಎಳೆದುಕೊಂಡು ಹೋಗುವ ಉರಿ. ಹೊತ್ತಿಸಿದ್ದೂ ಕಾಯುತ್ತಿರುವುದೂ ಅಣಬೆಯ ಬಳಗ. ಈ ಮಾತನ್ನು ಸಾಬೀತು ಮಾಡಬಲ್ಲ ಸಾಕ್ಷ್ಯ ಭದ್ರಾವತಿಯಿಂದ ದಾಂಡೇಲಿಯವರೆಗಿನ ದಾರಿಯುದ್ದಕ್ಕೂ ಬಿದ್ದಿದೆ.

ಶಿವಮೊಗ್ಗ ದಾಟಿ, ತುಂಗೆಯ ಜೊತೆಯಲ್ಲೇ ಮಂಡಗದ್ದೆ, ತೀರ್ಥಹಳ್ಳಿಗಳನ್ನು ಹಾದು ಆಗುಂಬೆ ಮುಟ್ಟುವಷ್ಟರಲ್ಲಿ ಗಾಳಿಯ ಹದವೇ ಬದಲಾಗಿರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನೆಲ ಇದು. ಇಲ್ಲಿ ನೆಲಕ್ಕುರುಳಿದ ಮರವನ್ನು ಹತ್ತಿರದಿಂದ ನೋಡಬೇಕು. ತೊಗಟೆಯ ಮೇಲೆ ಹಾವಸೆ, ಅದರ ನಡುವೆ ಬೀಸಣಿಗೆಯಾಕಾರದ ಗಟ್ಟಿ ಅಣಬೆಗಳು, ಕೆಲವಕ್ಕೆ ಒಂದರೊಳಗೊಂದು ಬಿಡಿಸಿದಂಥ ಪಟ್ಟೆಗಳು. ತೊಗಟೆ ಸರಿಸಿದರೆ ಬಿಳಿಯ ನೂಲುಗಳು ಕಾಣುತ್ತವೆ. ಕಣ್ಣಿಗೆ ಬೀಳುವುದು ನೂರಾರು ಎಳೆಗಳು ಕೂಡಿದ ಹುರಿ. ಒಂದೊಂದು ಎಳೆಯ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಣಬೆ ಎಂದು ನಾವು ಗುರುತಿಸುವುದು ಬೀಜದಂಥ ಕಣ ಉದುರಿಸಲು ಹೊರಗೆ ಚಾಚಿದ ಅಂಗವನ್ನು ಮಾತ್ರ. ನಿಜವಾದ ಜೀವಿ ಮರದೊಳಗೆ ಹಬ್ಬಿರುವ ಈ ಎಳೆಗಳ ಜಾಲ. ಬೆರಳಿನಿಂದ ಒತ್ತಿದರೆ ಮರ ಸ್ಪಂಜಿನಂತೆ ತಗ್ಗುತ್ತದೆ, ಎಳೆದರೆ ನಾರುನಾರಾಗಿ ಬಿಚ್ಚಿಕೊಳ್ಳುತ್ತದೆ, ಬಣ್ಣ ಸುಣ್ಣದ ಕಡೆಗೆ ತಿರುಗಿರುತ್ತದೆ. ಮಲೆನಾಡಿನವರು ಇದನ್ನು ‘ಲಡ್ಡು ಹಿಡಿದ ಮರ’ ಎನ್ನುತ್ತಾರೆ. ಅಡ್ಡ ಕೊಯ್ದರೆ ಮಸಿಯ ಗೆರೆ ಎಳೆದಂಥ ಕಪ್ಪು ಗಡಿಗಳು ಕಾಣಸಿಗಬಹುದು. ಒಂದೇ ದಿಮ್ಮಿಯಲ್ಲಿ ನೆಲೆಯೂರಿದ ಬೇರೆಬೇರೆ ಅಣಬೆಗಳು ತಮ್ಮ ತಮ್ಮ ಪಾಲಿಗೆ ಹಾಕಿಕೊಂಡ ಬೇಲಿಗಳು ಅವು. ಈ ದಿಮ್ಮಿಯನ್ನು ‘ಸತ್ತ ಮರ’ ಎಂದು ಬರೆದುಕೊಳ್ಳುವ ಲೆಕ್ಕದಲ್ಲೇ ತಪ್ಪಿದೆ. ನಿಂತ ಮರದಲ್ಲಿ ಜೀವ ಇರುವುದು ತೊಗಟೆಯಡಿಯ ತೆಳು ಪದರದಲ್ಲಿ ಮತ್ತು ಹೊರಮರದ ಕೆಲವು ಕೋಶಗಳಲ್ಲಿ, ಚೇಗೆಲ್ಲ ನಿರ್ಜೀವ. ಬಿದ್ದ ಮೇಲೆಯೇ ಆ ಚೇಗಿನೊಳಗೂ ಜೀವ ಓಡಾಡುತ್ತದೆ.

ಮರವನ್ನು ಒಡೆಯುವುದು ಏಕೆ ಕಷ್ಟ ಎಂಬುದು ತಿಳಿಯದೆ ಅಣಬೆಯ ಸಾಹಸ ತಿಳಿಯುವುದಿಲ್ಲ. ಮರದ ತೂಕದಲ್ಲಿ ಅರ್ಧದ ಹತ್ತಿರ ಸೆಲ್ಯುಲೋಸ್. ಅದು ಗ್ಲೂಕೋಸಿನ ಸರಪಳಿ. ಸಕ್ಕರೆಯ ಮಣಿಗಳನ್ನು ಒಂದೇ ಕ್ರಮದಲ್ಲಿ ಪೋಣಿಸಿದ ಹಾರ. ಅದನ್ನು ಬಿಡಿಸುವ ಕಿಣ್ವಗಳು ಬ್ಯಾಕ್ಟೀರಿಯಾಗಳಲ್ಲೂ ಇವೆ, ಹಸುವಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಲ್ಲೂ ಇವೆ. ಕೊಂಡಿ ಒಂದೇ ಬಗೆಯದಾದ್ದರಿಂದ ಅದಕ್ಕೆ ಹೊಂದುವ ಕತ್ತರಿಯೂ ಸಿಕ್ಕಿತು. ಹಾಗಾದರೆ ಹಸು ಮರ ಮೇಯುವುದಿಲ್ಲವೇಕೆ? ಸೆಲ್ಯುಲೋಸಿನ ಎಳೆಗಳ ಸುತ್ತ ಲಿಗ್ನಿನ್ ಎಂಬ ಗಾರೆ ಇಳಿದು ಗಟ್ಟಿಯಾಗಿರುವುದೇ ಕಾರಣ. ಮರದ ತೂಕದಲ್ಲಿ ಐದನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇದು ಇರಬಹುದು. 1813ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ಕಾಂಡೋಲ್ ಇದಕ್ಕೆ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಮರಕ್ಕೆ ‘ಲಿಗ್ನಮ್’ ಎನ್ನುತ್ತಾರೆ. ಲಿಗ್ನಿನ್ನಿನ ಗುಟ್ಟು ಅದರ ಗಟ್ಟಿತನಕ್ಕಿಂತ ಹೆಚ್ಚಾಗಿ ಅದರ ಅಸ್ತವ್ಯಸ್ತತೆಯಲ್ಲಿದೆ. ಮುಖ್ಯವಾಗಿ ಮೂರು ಬಗೆಯ ಉಂಗುರದಾಕಾರದ ಅಣುಗಳನ್ನು ಸಸ್ಯವು ತನ್ನ ಕೋಶಭಿತ್ತಿಗೆ ಸುರಿಯುತ್ತದೆ; ಅಲ್ಲಿ ಕಿಣ್ವಗಳು ಅವುಗಳಿಂದ ಒಂದೊಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ; ಜೋಡಿ ಕಳೆದುಕೊಂಡ ಎಲೆಕ್ಟ್ರಾನಿನಿಂದ ಚಡಪಡಿಸುವ ಅಣುಗಳು ಕೈಗೆ ಸಿಕ್ಕ ಅಣುವಿಗೆ ಸಿಕ್ಕ ಜಾಗದಲ್ಲಿ ಅಂಟಿಕೊಳ್ಳುತ್ತವೆ. ಒಂದು ಕೊಂಡಿಯಂತೆ ಇನ್ನೊಂದಿಲ್ಲ, ಒಂದು ಮೂಲೆಯಂತೆ ಇನ್ನೊಂದಿಲ್ಲ. ಕಿಣ್ವ ಎನ್ನುವುದು ಬೀಗಕ್ಕೆ ತಕ್ಕ ಕೀಲಿ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಪ್ರತಿ ಬೀಗವೂ ಬೇರೆಯಾಗಿರುವ ಊರಿನಲ್ಲಿ ಕೀಲಿ ಮಾಡುವವನು ಏನು ಮಾಡಬಲ್ಲ?

ಅಣಬೆ ಕೀಲಿ ಮಾಡಲಿಲ್ಲ. 1983ರಲ್ಲಿ ಅಮೆರಿಕದಲ್ಲಿ ಮಿಂಗ್ ಟಿಯೆನ್ ಮತ್ತು ಟಿ. ಕೆಂಟ್ ಕರ್ಕ್ ಒಂದು ಕಡೆ, ಮೈಕೆಲ್ ಗೋಲ್ಡ್ ಅವರ ತಂಡ ಇನ್ನೊಂದು ಕಡೆ, ಫನೆರೊಕೀಟೆ ಕ್ರೈಸೊಸ್ಪೋರಿಯಮ್ ಎಂಬ ಶಿಲೀಂಧ್ರ ಹೊರಸೂಸುವ ದ್ರವದಲ್ಲಿ ಲಿಗ್ನಿನ್ ಒಡೆಯುವ ಕಿಣ್ವವನ್ನು ಪತ್ತೆಮಾಡಿದರು. ಇಂದು ಅದನ್ನು ಲಿಗ್ನಿನ್ ಪೆರಾಕ್ಸಿಡೇಸ್ ಎನ್ನುತ್ತಾರೆ. ಅದರ ಒಡಲಲ್ಲಿ ನಮ್ಮ ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವಂಥದೇ ಒಂದು ಕಬ್ಬಿಣದ ಕಣ ಕೂತಿದೆ. ಅಣಬೆಯೇ ತಯಾರಿಸಿಕೊಟ್ಟ ಹೈಡ್ರೋಜನ್ ಪೆರಾಕ್ಸೈಡ್ ಆ ಕಬ್ಬಿಣವನ್ನು ಕೆರಳಿಸುತ್ತದೆ. ಕೆರಳಿದ ಕಬ್ಬಿಣ ಹತ್ತಿರದ ಉಂಗುರದಿಂದ ಒಂದು ಎಲೆಕ್ಟ್ರಾನ್ ಸೆಳೆದುಕೊಳ್ಳುತ್ತದೆ. ಕಿಣ್ವ ಮಾಡುವುದು ಇಷ್ಟೇ. ಅದು ಯಾವ ಕೊಂಡಿಯನ್ನೂ ತಾನಾಗಿ ಕತ್ತರಿಸುವುದಿಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಉಂಗುರ ನಿಲ್ಲಲಾರದೆ ಎಲ್ಲೋ ಒಂದು ಕಡೆ ತಾನೇ ಮುರಿದುಕೊಳ್ಳುತ್ತದೆ. ಯಾವ ಸಾಧನದಿಂದ ಸಸ್ಯ ಲಿಗ್ನಿನ್ ಕಟ್ಟಿತೋ ಅದೇ ಮನೆತನದ ಸಾಧನದಿಂದ ಅಣಬೆ ಅದನ್ನು ಕೆಡವುತ್ತದೆ ಎಂಬುದು ನನಗೆ ಇಡೀ ಕಥೆಯಲ್ಲಿ ಅತ್ಯಂತ ಸುಂದರವಾಗಿ ಕಾಣುವ ಸಂಗತಿ. ಪೆರಾಕ್ಸಿಡೇಸ್ ಸಸ್ಯದಲ್ಲೂ ಇದೆ, ಅಣಬೆಯಲ್ಲೂ ಇದೆ. ಇನ್ನೊಂದು ಕಿಣ್ವ ಲ್ಯಾಕೇಸ್. 1883ರಲ್ಲಿ ಜಪಾನಿನ ಯೋಶಿದಾ ಅದನ್ನು ಮೊದಲು ಕಂಡಿದ್ದು ಮೆರುಗೆಣ್ಣೆ ಮರದ ಹಾಲಿನಲ್ಲಿ. ಅದೂ ಎರಡೂ ಕಡೆ ಇದೆ.

ಒಂದು ತೊಡಕು ಉಳಿಯಿತು. ಈ ಕಿಣ್ವಗಳು ಗಾತ್ರದಲ್ಲಿ ದೊಡ್ಡವು. ಕೆಡದ ಮರದ ಕೋಶಭಿತ್ತಿಯಲ್ಲಿರುವ ರಂಧ್ರಗಳು ಅವುಗಳ ಪಾಲಿಗೆ ತೀರಾ ಕಿರಿದು. ಒಳಗೆ ಹೋಗಲಾಗದವರು ಒಳಗಿನದನ್ನು ಸುಡುವುದು ಹೇಗೆ? ಅದಕ್ಕೆ ಅಣಬೆ ಚಿಕ್ಕ ದೂತರನ್ನು ಕಳಿಸುತ್ತದೆ. ಮ್ಯಾಂಗನೀಸ್ ಪೆರಾಕ್ಸಿಡೇಸ್ ಎಂಬ ಕಿಣ್ವ ಮರದಲ್ಲೇ ಅಲ್ಪಸ್ವಲ್ಪ ಇರುವ ಮ್ಯಾಂಗನೀಸನ್ನು ಎಲೆಕ್ಟ್ರಾನ್ ಹಸಿವಿನ ರೂಪಕ್ಕೆ ತಂದು, ಆಕ್ಸಾಲಿಕ್ ಆಮ್ಲದ ಜೊತೆ ಕಟ್ಟಿ ಬಿಡುತ್ತದೆ. ಆ ಪುಟ್ಟ ಕಟ್ಟು ಭಿತ್ತಿಯೊಳಗೆ ಇಳಿದು, ತಗುಲಿದಲ್ಲಿ ಎಲೆಕ್ಟ್ರಾನ್ ಕಿತ್ತು, ಅಲ್ಲಲ್ಲೇ ಕಿಡಿ ಹೊತ್ತಿಸುತ್ತದೆ. ಒಲೆ ಹೊತ್ತಿಸಲು ತೆಂಗಿನ ಗರಿ, ಅಡಿಕೆ ಹಾಳೆಯ ಚೂರು ಬಳಸಿದ ಹಾಗೆ. ದೊಡ್ಡ ಕೊರಡಿಗೆ ನೇರ ಬೆಂಕಿ ಹಿಡಿಯದು, ನಡುವೆ ಬೇಗ ಹತ್ತುವುದೊಂದು ಬೇಕು.

ಉರಿ ಎಂಬ ಮಾತು ನನ್ನ ಸ್ವಂತದ್ದಲ್ಲ. 1987ರಲ್ಲಿ ಕರ್ಕ್ ಮತ್ತು ರಾಬರ್ಟಾ ಫ್ಯಾರೆಲ್ ಲಿಗ್ನಿನ್ ವಿಘಟನೆ ಕುರಿತು ಬರೆದ ಸಮೀಕ್ಷೆಗೆ ‘ಕಿಣ್ವಗಳ ಮೂಲಕ ದಹನ’ ಎಂಬರ್ಥದ ತಲೆಬರಹ ಕೊಟ್ಟರು. ಆದರೆ ಇದು ಬರೀ ರೂಪಕವಲ್ಲವೇ, ಕಾವಿಲ್ಲದ್ದನ್ನು ಉರಿ ಎನ್ನುವುದು ಭಾಷೆಯ ಸಲಿಗೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಎರಡೂ ಕಡೆಯ ಲೆಕ್ಕವನ್ನು ಇಟ್ಟು ನೋಡೋಣ. ಒಲೆಯಲ್ಲಿ ಮರ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಅಣಬೆಯ ಬಾಯಲ್ಲೂ ಕೊನೆಗೆ ಅದೇ ಆಗುತ್ತದೆ. ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 4,500 ಕಿಲೋಕ್ಯಾಲೊರಿ ಶಕ್ತಿ ಇದೆ. ಒಲೆಯಲ್ಲಿ ಅದು ಗಂಟೆಯೊಳಗೆ ಹೊರಬೀಳುತ್ತದೆ, ಕಾಡಿನಲ್ಲಿ ವರ್ಷಗಳ ಮೇಲೆ ಹರಡಿಕೊಳ್ಳುತ್ತದೆ. ಆದ್ದರಿಂದ ದಿಮ್ಮಿಯ ಮೇಲೆ ಕೈಯಿಟ್ಟರೆ ಬಿಸಿ ತಾಗದು. ಆ ಶಾಖ ಚದುರಿಹೋಗದಂತೆ ರಾಶಿ ಹಾಕಿದರೆ ಗುಟ್ಟು ಬಯಲಾಗುತ್ತದೆ. ಕಾಗದದ ಕಾರ್ಖಾನೆಗಳ ಅಂಗಳದಲ್ಲಿ ಗುಡ್ಡೆಹಾಕಿದ ಮರದ ಚಕ್ಕೆಗಳು ಒಳಗೊಳಗೇ ಕಾಯುತ್ತವೆ. ಫನೆರೊಕೀಟೆ ಅಂಥ ಬಿಸಿ ರಾಶಿಗಳಲ್ಲಿ ಬಾಳುವ, 40 ಡಿಗ್ರಿ ಸೆಲ್ಸಿಯಸ್ ಹತ್ತಿರದ ಕಾವಿನಲ್ಲೇ ಹುರುಪಿನಿಂದ ಬೆಳೆಯುವ ಶಿಲೀಂಧ್ರ. ಇನ್ನೊಂದು ಸಾಕ್ಷಿ ಸಹ್ಯಾದ್ರಿಯ ಕೆಲವು ಕಾಡುಗಳಲ್ಲಿ ಮಳೆಗಾಲದ ಕಗ್ಗತ್ತಲಲ್ಲಿ ಸಿಗುತ್ತದೆ: ನೆನೆದ ಕಡ್ಡಿ, ಬೊಡ್ಡೆಗಳು ತಿಳಿಹಸಿರಾಗಿ ಬೆಳಗುತ್ತವೆ. ಬೆಳಗುವುದು ಮರವಲ್ಲ, ಅದರೊಳಗಿನ ಶಿಲೀಂಧ್ರ. ಅದರ ಒಂದು ರಾಸಾಯನಿಕ ಆಮ್ಲಜನಕದೊಡನೆ ಕೂಡುವಾಗ ಹೊಮ್ಮುವ ಬೆಳಕು ಅದು. ಲಿಗ್ನಿನ್ ಒಡೆಯುವ ಕ್ರಿಯೆಯೇ ಆ ಬೆಳಕನ್ನು ಕೊಡುತ್ತದೆ ಎಂದು ನಾನು ಹೇಳುತ್ತಿಲ್ಲ. ಆಮ್ಲಜನಕದೊಡನೆ ಕೂಡುವುದಕ್ಕೆ ಕೆಂಡದ ಕಾವೇ ಬೇಕಿಲ್ಲ ಎಂಬುದನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ, ಅಷ್ಟೇ.

ರೂಪಕಕ್ಕಿಂತ ಮುಂದೆ ಹೋಗುವ ಸಾಕ್ಷ್ಯವೂ ಇದೆ. ಅಣಬೆ ಲಿಗ್ನಿನ್ನನ್ನು ಊಟವಾಗಿ ಉಣ್ಣುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. 1976ರಲ್ಲಿ ಕರ್ಕ್ ಮತ್ತು ಸಂಗಡಿಗರು ತೋರಿಸಿದ್ದು ಬೇರೆ: ಬರೀ ಲಿಗ್ನಿನ್ ಕೊಟ್ಟರೆ ಈ ಶಿಲೀಂಧ್ರ ಬೆಳೆಯುವುದಿಲ್ಲ, ಜೊತೆಗೆ ಸಕ್ಕರೆಯೋ ಸೆಲ್ಯುಲೋಸೋ ಇರಲೇಬೇಕು. ಲಿಗ್ನಿನ್ ಸುಡಲು ಬೇಕಾದ ಪೆರಾಕ್ಸೈಡನ್ನು ಅಣಬೆ ತನ್ನ ಗಳಿಕೆಯಿಂದಲೇ ಖರ್ಚುಮಾಡಿ ತಯಾರಿಸುತ್ತದೆ. ಅಂದರೆ ಇದು ಲಾಭದ ಊಟವಲ್ಲ, ಊಟದ ಕೋಣೆಗೆ ಅಡ್ಡವಾದ ಗೋಡೆಯನ್ನು ಸುಟ್ಟು ದಾರಿಮಾಡುವ ವೆಚ್ಚ. ಸಾರಜನಕ ಸಾಲದೆ ಬಂದಾಗಲೇ ಫನೆರೊಕೀಟೆ ಈ ಕಿಣ್ವಗಳನ್ನು ಹೊರಬಿಡುತ್ತದೆ ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು. ಮರದಲ್ಲಿ ಇಂಗಾಲ ರಾಶಿಗಟ್ಟಲೆ, ಸಾರಜನಕ ಚಿಟಿಕೆಯಷ್ಟು. ನೂರಾರು ಪಾಲು ಇಂಗಾಲಕ್ಕೆ ಒಂದು ಪಾಲು. ಬಡತನದಲ್ಲಿ ಹೊತ್ತುವ ಉರಿ ಇದು. ಮರದೊಳಗೆ ಸಿಗದ ಸಾರಜನಕವನ್ನು ಎಳೆಗಳು ಮಣ್ಣಿನಿಂದ ದಿಮ್ಮಿಯ ಒಳಕ್ಕೆ ಸಾಗಿಸುತ್ತವೆ. ಹಾಗಾಗಿ ಕೊಳೆಯುತ್ತ ಹೋದಂತೆ ದಿಮ್ಮಿಯ ತೂಕ ಇಳಿಯುತ್ತದೆ, ಸತ್ವ ಏರುತ್ತದೆ.

ಅಣಬೆಗಳೆಲ್ಲ ಲಿಗ್ನಿನ್ನನ್ನು ಸುಡುವುದಿಲ್ಲವಲ್ಲ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಿಜ. ಆಗುಂಬೆಯಂಥ ಅಗಲೆಲೆಯ ಕಾಡಿನಲ್ಲಿ ಹೆಚ್ಚಾಗಿ ಕಾಣುವುದು ಲಿಗ್ನಿನ್ನನ್ನೂ ಸುಡುವ ಬಿಳಿ ಕೊಳೆ. ಹಿಮಾಲಯದ ದೇವದಾರು, ಪೈನ್‌ಗಳ ನಡುವೆ ಹೋದರೆ ಬಿದ್ದ ಮರ ಬೇರೆಯೇ ರೀತಿ ಕೆಟ್ಟಿರುತ್ತದೆ: ಕಂದು ಬಣ್ಣ, ಒಣಗಿದ ಕೆರೆಯ ತಳದಂತೆ ಚೌಕಚೌಕದ ಬಿರುಕು, ಮುಟ್ಟಿದರೆ ಪುಡಿ. ಕಂದು ಕೊಳೆಯ ಅಣಬೆಗಳು ಸೆಲ್ಯುಲೋಸನ್ನು ಮಾತ್ರ ಎತ್ತಿಕೊಂಡು ಲಿಗ್ನಿನ್ನಿನ ಬಹುಪಾಲನ್ನು ತುಸು ರೂಪ ಕೆಡಿಸಿ ಅಲ್ಲೇ ಬಿಟ್ಟುಹೋಗುತ್ತವೆ. ಆದರೆ ಅವು ಬಳಸುವ ಉಪಾಯ ನೋಡಿದರೆ ಆಕ್ಷೇಪವೇ ವಾದಕ್ಕೆ ಬಲ ತರುತ್ತದೆ. ಭಾರದ ಕಿಣ್ವಗಳನ್ನು ಕಳಿಸುವ ಮೊದಲು ಅವು ಕಬ್ಬಿಣ ಮತ್ತು ಪೆರಾಕ್ಸೈಡನ್ನು ಮರದೊಳಗೆ ಒಂದುಗೂಡಿಸಿ ಹೈಡ್ರಾಕ್ಸಿಲ್ ಎಂಬ ಅತಿ ಉಗ್ರ ಕಣವನ್ನು ಹುಟ್ಟಿಸುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫೆಂಟನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಗಾಜಿನ ಪಾತ್ರೆಯಲ್ಲಿ ಕಂಡ ಕ್ರಿಯೆ ಇದು. ಇಲ್ಲೂ ಕತ್ತರಿಯಿಲ್ಲ, ಕಿಡಿಯೇ ಇದೆ. ಉಳಿಯುವ ಕಂದು ಪುಡಿ ಬಲುಕಾಲ ಮಣ್ಣಿನಲ್ಲಿ ಬಾಳುತ್ತದೆ. ಭದ್ರಾವತಿಯ ಕೋಣೆಗಳಲ್ಲಿ ಗಾಳಿ ತಡೆದು ಮರವನ್ನು ಅರೆಬರೆ ಸುಟ್ಟು ಇದ್ದಿಲು ಉಳಿಸಿಕೊಂಡ ಹಾಗೆ, ಕಂದು ಕೊಳೆಯೂ ಒಂದು ಅರ್ಧ ಉರಿ. ಹೋಲಿಕೆ ಎಲ್ಲ ವಿವರದಲ್ಲೂ ಸರಿಹೊಂದದು. ಇದ್ದಿಲು ಆಗುವಾಗ ಲಿಗ್ನಿನ್ನೂ ಬದಲಾಗಿಹೋಗುತ್ತದೆ. ಅರ್ಧಕ್ಕೆ ನಿಂತ ಉರಿ ಏನನ್ನೋ ಉಳಿಸಿಹೋಗುತ್ತದೆ ಎಂಬುದು ಮಾತ್ರ ಎರಡರಲ್ಲೂ ನಿಜ.

ಆಗುಂಬೆಯಿಂದ ಹೊಸನಗರದ ಕಡೆ ಹೊರಳಿದರೆ ಅಡಿಕೆ ತೋಟಗಳು. ಈ ಉರಿಯನ್ನು ಹೊಗಳುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಅಡಿಕೆ ಬೆಳೆಗಾರರಿಗೆ ‘ಅಣಬೆ ರೋಗ’ ಎಂಬ ಹೆಸರೇ ಸಾಕು. ಗ್ಯಾನೋಡರ್ಮ ಎಂಬ ಶಿಲೀಂಧ್ರ ಬೇರಿನಿಂದ ಬುಡಕ್ಕೆ ಏರಿ, ಗರಿಗಳು ಹಳದಿಗಟ್ಟಿ ಜೋತುಬಿದ್ದು, ಕಾಂಡದಿಂದ ಕಂದು ದ್ರವ ಒಸರಿ, ಕೊನೆಗೆ ಬುಡದಲ್ಲಿ ಅಣಬೆ ಮೂಡುವ ಹೊತ್ತಿಗೆ ಮರ ಕೈತಪ್ಪಿರುತ್ತದೆ. ಹಿಡಿದ ಮರವನ್ನು ಬೊಡ್ಡೆ ಸಮೇತ ತೆಗೆದು, ಸುತ್ತ ಕಾಲುವೆ ತೋಡಿ, ನೀರು ನಿಲ್ಲದಂತೆ ಬಸಿಗಾಲುವೆ ಮಾಡಿ ಪಕ್ಕದ ಮರ ಉಳಿಸಿಕೊಳ್ಳಬೇಕು. ಒಲೆಯ ಬೆಂಕಿಯೂ ಕೈಮೀರಿದರೆ ಮನೆಯನ್ನೇ ಸುಡುತ್ತದೆ. ಬೊಡ್ಡೆ ತೆಗೆಯುವುದು, ಕಾಲುವೆ ತೋಡುವುದು, ಇವು ಕಾಡ್ಗಿಚ್ಚಿಗೆ ಬೆಂಕಿರೇಖೆ ಬಿಡಿಸುವವರ ಕೆಲಸದ ಜಾತಿಯವೇ. ತೋಟದಲ್ಲಿ ಬೊಡ್ಡೆ ತೆಗೆಯಬೇಕು ಎಂಬುದರಿಂದ ಕಾಡಿನಲ್ಲೂ ತೆಗೆಯಬೇಕು ಎಂದಾಗುವುದಿಲ್ಲ. ಒಂದೇ ಜಾತಿಯ ಮರ ಸಾಲಾಗಿ ನಿಂತಲ್ಲಿ ಹಬ್ಬುವ ರೋಗ, ನೂರು ಜಾತಿ ಬೆರೆತ ಕಾಡಿನಲ್ಲಿ ಆ ರೀತಿ ಓಡದು. ತೋಟದ ಅಂಚಿನ ಹುತ್ತವನ್ನೂ ನೋಡಿ. ಗೆದ್ದಲು ಮರ ತಿನ್ನುತ್ತದೆ ಎನ್ನುತ್ತೇವೆ. ನಮ್ಮ ಹುತ್ತ ಕಟ್ಟುವ ಗೆದ್ದಲುಗಳು ಲಿಗ್ನಿನ್ನಿಗೆ ತಾವು ಮಾತ್ರ ಸಾಲದೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಹುತ್ತದೊಳಗೆ ಬೇಸಾಯ ಮಾಡಿ, ಅಗಿದ ಮರವನ್ನು ಅದರ ವಶಕ್ಕೆ ಕೊಟ್ಟು, ಅದು ಹದಮಾಡಿದ್ದನ್ನು ಉಣ್ಣುತ್ತವೆ. ಮುಂಗಾರು ಹಿಡಿದಾಗ ಹುತ್ತದ ಮೇಲೆ ಏಳುವ, ಕೊಡಗಿನಲ್ಲಿ ಕುಮ್ಮು ಎಂದು ಕರೆದು ಅಕ್ಕರೆಯಿಂದ ಸಾರು ಮಾಡುವ ಅಣಬೆಗಳಲ್ಲಿ ಈ ಬೇಸಾಯದ ಫಸಲೂ ಸೇರಿದೆ.

ಸಾಗರದ ಆಚೆ ಶರಾವತಿಯ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ಗದ್ದೆ, ಕಾಡು ಎಲ್ಲ ಮುಳುಗಿದವು. ಆ ಮುಳುಗಡೆಯ ನೋವನ್ನು ಇಲ್ಲಿ ಒಂದು ಉದಾಹರಣೆಯಾಗಿ ಬಳಸುವಾಗ ಕೈ ತಡೆಯುತ್ತದೆ. ಆದರೂ ನೀರಿಳಿದ ಬೇಸಿಗೆಯಲ್ಲಿ ಹೊನ್ನೇಮರಡು ಸುತ್ತ ಬೋಳಾಗಿ ನಿಂತ ಬೊಡ್ಡೆಗಳು ಹೇಳುವ ಮಾತನ್ನು ಬಿಡಲಾಗದು. ಆಗುಂಬೆಯ ನೆಲದ ಮೇಲಾಗಿದ್ದರೆ ಇಷ್ಟು ದಶಕಗಳಲ್ಲಿ ಅವು ಮಣ್ಣಾಗಿರುತ್ತಿದ್ದವು. ನೀರು ಅವನ್ನು ಉಳಿಸಿದೆ. ಮರ ಕೊಳೆಯಲು ನೀರು ಬೇಕು ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ನೀರಿನಲ್ಲೇ ಮುಳುಗಿದ್ದು ಮೊದಲು ಕೊಳೆಯಬೇಕಿತ್ತಲ್ಲ? ಕೊಳೆತವು ಉರಿ ಎಂದು ಒಪ್ಪಿದರೆ ಉತ್ತರ ಸಲೀಸು. ಉರಿಗೆ ಗಾಳಿ ಬೇಕು. ನೀರು ತುಂಬಿದ ಮರದೊಳಕ್ಕೆ ಆಮ್ಲಜನಕ ಸಾಕಷ್ಟು ಇಳಿಯದು, ಲಿಗ್ನಿನ್ ಸುಡುವ ಕಿಣ್ವಗಳು ಅದಿಲ್ಲದೆ ಕೈಕಟ್ಟಿ ಕೂರುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ತೀರಾ ನಿಧಾನಕ್ಕೆ ಕೆರೆಯುತ್ತಿರುತ್ತವೆ, ಅಷ್ಟೇ. ಇನ್ನೊಂದು ತುದಿಯಲ್ಲಿ ಮಲೆನಾಡಿನ ಹಳೆಯ ತೊಟ್ಟಿಮನೆಗಳ ಕಂಬಗಳಿವೆ. ಬಡಗಿಗಳು ಆ ಕಂಬಗಳನ್ನು ನೆಲಕ್ಕೆ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದರು. ಮರದ ತೇವ ಶೇಕಡ 20ಕ್ಕಿಂತ ಕೆಳಗಿದ್ದರೆ ಅಣಬೆ ಅದರಲ್ಲಿ ಬೆಳೆಯಲಾರದು. ಗಾಳಿ ತಪ್ಪಿಸಿದರೆ ಮರ ಉಳಿಯುತ್ತದೆ, ತೇವ ತಪ್ಪಿಸಿದರೂ ಉಳಿಯುತ್ತದೆ; ಎರಡೂ ಕೂಡಿದಲ್ಲಿ ಮಾತ್ರ ಉರಿ ಹಿಡಿಯುತ್ತದೆ.

ನೀರಡಿಯ ಮರದ ಮಾತು ಬಂದಾಗ ಕಲ್ಲಿದ್ದಲಿನ ಮಾತನ್ನೂ ಆಡಲೇಬೇಕು. 2012ರಲ್ಲಿ 31 ಶಿಲೀಂಧ್ರಗಳ ಜೀನೋಮುಗಳನ್ನು ಹೋಲಿಸಿದ ಒಂದು ದೊಡ್ಡ ಅಧ್ಯಯನ, ಲಿಗ್ನಿನ್ ಸುಡುವ ಪೆರಾಕ್ಸಿಡೇಸುಗಳು ಹುಟ್ಟಿದ್ದು ಸುಮಾರು 30 ಕೋಟಿ ವರ್ಷಗಳ ಹಿಂದೆ ಎಂದು ಲೆಕ್ಕಹಾಕಿತು. ಜಗತ್ತಿನ ಮಹಾ ಕಲ್ಲಿದ್ದಲು ನಿಕ್ಷೇಪಗಳು ಕೂಡಿಕೊಂಡದ್ದು ಅದಕ್ಕಿಂತ ತುಸು ಮೊದಲು. ಹಾಗಾಗಿ ಅಣಬೆಗಳಿಗೆ ಇನ್ನೂ ಲಿಗ್ನಿನ್ ಸುಡಲು ಬಾರದ ಕಾಲದಲ್ಲಿ ಮರಗಳು ಕೊಳೆಯದೆ ಕಲ್ಲಿದ್ದಲಾದವು ಎಂಬ ಕಥೆ ಎಲ್ಲೆಡೆ ಹಬ್ಬಿತು. ನನ್ನ ವಾದಕ್ಕೆ ಇದಕ್ಕಿಂತ ಹೊಂದುವ ಕಥೆ ಇನ್ನೊಂದಿಲ್ಲ. ಅದಕ್ಕೇ ಅದನ್ನು ಒಪ್ಪುವ ಮೊದಲು ಎರಡು ಸಲ ತಿರುಗಿಸಿ ನೋಡಬೇಕು. 2016ರಲ್ಲಿ ಬಂದ ಮರುಪರಿಶೀಲನೆ ಅದನ್ನು ಅಲುಗಾಡಿಸಿತು. ಆ ಕಾಲದ ಜೌಗುಗಳಲ್ಲಿ ಹೆಚ್ಚಾಗಿದ್ದ ಸಸ್ಯಗಳ ದಪ್ಪ ತೊಗಟೆಯಲ್ಲಿ ಲಿಗ್ನಿನ್ ಅಷ್ಟೇನೂ ಇರಲಿಲ್ಲ. ಕಲ್ಲಿದ್ದಲು ರಾಶಿ ಬೀಳಲು ಕಾರಣ ಕುಸಿಯುತ್ತಿದ್ದ ನೆಲ ಮತ್ತು ಸದಾ ತೊಯ್ದ ಉಷ್ಣವಲಯದ ಹವೆ ಎಂದು ಅದು ತೋರಿಸಿತು. ನನಗೆ ಎರಡನೆಯದೇ ಹೆಚ್ಚು ಸರಿಯೆನಿಸುತ್ತದೆ, ಶರಾವತಿಯ ಬೊಡ್ಡೆಗಳೂ ಅದನ್ನೇ ಹೇಳುತ್ತವೆ. ಉರಿಸಬಲ್ಲ ಅಣಬೆ ಇಂದು ಸುತ್ತಲೂ ಇದ್ದರೂ ಗಾಳಿ ತಪ್ಪಿದ ಮರ ಉಳಿದೇ ಉಳಿಯುತ್ತದೆ. ಭದ್ರಾವತಿಯ ಕುಲುಮೆಗೆ ಸಿಗದೇಹೋದ ಕಲ್ಲಿದ್ದಲು ಎಂಬುದು, ಹಾಗೆ ನೋಡಿದರೆ, ಯಾವುದೋ ಕಾಲದಲ್ಲಿ ಹತ್ತದೆ ಉಳಿದ ಉರಿ.

ಈಗ ಕಾಲಕ್ಕೆ ತಕ್ಕ ಆಕ್ಷೇಪ. ಕೊಳೆತವೂ ಉರಿಯೇ ಆದರೆ ಅದರಿಂದಲೂ ಇಂಗಾಲ ಹೊರಬರುತ್ತದೆ. ಒಲೆಯಲ್ಲಿ ಸುಟ್ಟರೇನು, ಕಾಡಿನಲ್ಲಿ ಬಿಟ್ಟರೇನು? 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಜಾಗತಿಕ ಅಧ್ಯಯನದ ಅಂದಾಜಿನಂತೆ ಸತ್ತ ಮರಗಳಿಂದ ವರ್ಷಕ್ಕೆ ಸುಮಾರು 1,090 ಕೋಟಿ ಟನ್ ಇಂಗಾಲ ಬಿಡುಗಡೆಯಾಗುತ್ತದೆ, ಅದರಲ್ಲಿ ಶೇಕಡ 93 ಉಷ್ಣವಲಯದ ಕಾಡುಗಳಿಂದ. ಸಣ್ಣ ಸಂಖ್ಯೆಯಲ್ಲ. ಆದರೆ ಈ ಬಿಡುಗಡೆ ಬೆಳೆಯುತ್ತಿರುವ ಮರಗಳು ಹೀರಿಕೊಳ್ಳುವುದರ ಜೊತೆ ಸರಿದೂಗಿಕೊಂಡು ಕೋಟ್ಯಂತರ ವರ್ಷ ನಡೆದುಬಂದದ್ದು. ನೆಲದಡಿಯ ಕಲ್ಲಿದ್ದಲು ತೆಗೆದು ಸುಡುವುದಕ್ಕೆ ಅಂಥ ಎದುರು ತಕ್ಕಡಿ ಇಲ್ಲ. ಬಿಡುಗಡೆಯಾದ ಇಂಗಾಲವೆಲ್ಲ ಗಾಳಿಗೇ ಹೋಗುವುದೂ ಇಲ್ಲ, ಒಂದು ಪಾಲು ಮಣ್ಣು ಸೇರುತ್ತದೆ. ನಿಜವಾದ ವ್ಯತ್ಯಾಸ ಇಂಗಾಲದ ಲೆಕ್ಕದಾಚೆ ಇದೆ. ಒಲೆಯ ಉರಿ ಮುಗಿದಾಗ ಉಳಿಯುವುದು ಬೂದಿ, ಮರದ ಸಾರಜನಕ ಹೊಗೆಯೊಡನೆ ಹೋಗಿರುತ್ತದೆ. ಅಣಬೆಯ ಉರಿ ನಡೆಯುತ್ತಿರುವಷ್ಟು ಕಾಲ ದಿಮ್ಮಿ ನೀರು ಹಿಡಿದಿಡುತ್ತದೆ, ಸಾರಜನಕ ಕೂಡಿಸುತ್ತದೆ, ಜೀರುಂಡೆ, ಕಪ್ಪೆ, ಹಾವುರಾಣಿಗಳಿಗೆ ತಾವು ಕೊಡುತ್ತದೆ, ಬೀಜಕ್ಕೆ ಮೊಳೆಯಲು ಹಾಸಿಗೆಯಾಗುತ್ತದೆ.

ಆದರೂ ತಲೆಹೊರೆ ಕಟ್ಟಿಗೆ ತಂದು ಅಡುಗೆ ಮಾಡುವ ಹೆಂಗಸರಿಗೆ ‘ದಿಮ್ಮಿ ಬಿಡಿ, ಅಣಬೆಗೆ ಬೇಕು’ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಅವರು ಆರಿಸುವುದು ಬೆರಳು ದಪ್ಪದ, ತೋಳು ದಪ್ಪದ ಒಣಕಡ್ಡಿ. ಲಾರಿ ತುಂಬಿ ಹೋಗುವುದು ಬೇರೆ: ಎರಡಾಳು ತಬ್ಬಿದರೂ ಸಾಲದ ಬೊಡ್ಡೆಗಳು. ಅಣಬೆಗೆ ಹಲವು ದಶಕದ ಕೆಲಸ ಇರುವುದು ಅವುಗಳಲ್ಲೇ. 2000ದ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಉರುಳಿದ ಮರಗಳನ್ನು ತೆಗೆಯುವುದನ್ನು ತಡೆದು ಆದೇಶ ಕೊಟ್ಟಿತು. ಕೋಟಿಗಟ್ಟಲೆ ಬೆಲೆಬಾಳುವ ನಾಟ ಕಣ್ಣೆದುರೇ ಲಡ್ಡಾಗುತ್ತಿದೆ ಎಂದು ಹಳಹಳಿಸುವವರಿದ್ದಾರೆ. ಹಾಳಾಗುವುದು ಎಂಬ ಪದವನ್ನೇ ನಾನು ಒಪ್ಪುವುದಿಲ್ಲ. ಆ ನಾಟ ಬಳಕೆಯಾಗುತ್ತಿದೆ, ಬಳಸುತ್ತಿರುವುದು ಕಾಡು. ಆದೇಶ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಮಾತ್ರ ಸೀಮಿತವಾದದ್ದು, ಆಚೆಯ ಕಾಡಿನ ದೊಡ್ಡ ಬೊಡ್ಡೆಗಳಿಗೂ ಅದೇ ನ್ಯಾಯ ಸಲ್ಲಬೇಕು.

ಶಿರಸಿ, ಯಲ್ಲಾಪುರ ದಾಟಿದ ಮೇಲೆ ಮಳೆ ಕಡಿಮೆಯಾಗುತ್ತ, ತೇಗ, ಮತ್ತಿ, ನಂದಿ ಮರಗಳು ಹೆಚ್ಚುತ್ತ ಕಾಳಿ ನದಿಯ ದಡದ ದಾಂಡೇಲಿ ಬರುತ್ತದೆ. ಇಲ್ಲಿಯ ಕಾಗದದ ಕಾರ್ಖಾನೆ 1950ರ ದಶಕದಲ್ಲಿ ಈ ಕಾಡುಗಳ ಬಿದಿರನ್ನು ನಂಬಿ ಹುಟ್ಟಿದ್ದು. ಕಾಗದಕ್ಕೆ ಬೇಕಾದದ್ದು ಸೆಲ್ಯುಲೋಸ್, ಬೇಡದ್ದು ಲಿಗ್ನಿನ್. ಅಣಬೆಗೂ ಇದೇ ತಕರಾರು. ಕಾಗದ ಮಾಡುವವರ ಉಪಾಯ ಕ್ರಾಫ್ಟ್ ವಿಧಾನ, ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಕಾರ್ಲ್ ಡಾಲ್ ಕಂಡುಹಿಡಿದದ್ದು. ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನ ದ್ರಾವಣದಲ್ಲಿ, ಒತ್ತಡದಲ್ಲಿ, ಸುಮಾರು 170 ಡಿಗ್ರಿಯಲ್ಲಿ ಬೇಯಿಸಿದರೆ ಲಿಗ್ನಿನ್ ಕರಗಿ ಕಪ್ಪು ದ್ರವವಾಗಿ ಹರಿಯುತ್ತದೆ. ಆ ಕಪ್ಪು ದ್ರವವನ್ನು ಕಾರ್ಖಾನೆಗಳು ಏನು ಮಾಡುತ್ತವೆ? ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಡುತ್ತವೆ. ಇಷ್ಟು ರಸಾಯನಶಾಸ್ತ್ರ ಕಲಿತ ಮೇಲೂ ಲಿಗ್ನಿನ್ನಿನ ಬಹುಪಾಲಿಗೆ ನಮಗೆ ತೋಚಿದ ಮಾರ್ಗ ಉರಿಯೇ. ಅಣಬೆ ಅದೇ ಕೆಲಸವನ್ನು ಮಳೆನೀರಿನಲ್ಲಿ, ಕಾಡಿನ ತಂಪಿನಲ್ಲಿ ಮಾಡುತ್ತದೆ. ಅದನ್ನು ಕಾರ್ಖಾನೆಗೆ ತರುವ ಪ್ರಯತ್ನಗಳು ಹಲವು ನಡೆದಿವೆ, ಚಕ್ಕೆಗಳಿಗೆ ಮೊದಲು ಅಣಬೆ ಹಬ್ಬಿಸಿ ಆಮೇಲೆ ಅರೆಯುವುದೂ ಅದರಲ್ಲಿ ಸೇರಿದೆ. ಅಣಬೆಗೆ ವಾರಗಳು ಬೇಕು, ಕಾರ್ಖಾನೆಗೆ ಅಷ್ಟು ಪುರುಸೊತ್ತಿಲ್ಲ.

ಕಾರ್ಖಾನೆಯ ಕೊಳವೆಗಳಿಂದ ಸ್ವಲ್ಪವೇ ದೂರದಲ್ಲಿ ಕಾಳಿಯ ಕಾಡು. ಪಶ್ಚಿಮ ಘಟ್ಟದಲ್ಲಿರುವ ನಾಲ್ಕು ಜಾತಿಯ ಮಂಗಟ್ಟೆಗಳೂ ಇಲ್ಲಿವೆ. 2011ರಲ್ಲಿ ಅವುಗಳಿಗಾಗಿಯೇ ಒಂದು ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಮಂಗಟ್ಟೆಯ ಕೊಕ್ಕು ನೋಡಿದವರು ಅದು ಯಾವ ಮರವನ್ನಾದರೂ ಕೊರೆದೀತು ಎಂದುಕೊಳ್ಳುತ್ತಾರೆ. ಅದಕ್ಕೆ ಮರ ಕೊರೆಯಲು ಬರುವುದಿಲ್ಲ. ಮರಿ ಮಾಡಲು ಅದಕ್ಕೆ ಮೊದಲೇ ಪೊಟರೆಯಾದ ದೊಡ್ಡ ಮರ ಬೇಕು. ಅಂಥ ಪೊಟರೆ ಆಗುವುದು ಹೀಗೆ: ಎಂದೋ ಗಾಳಿಗೆ ಮುರಿದ ಕೊಂಬೆಯ ಗಾಯದಿಂದ ಬೀಜಕಣವೊಂದು ಒಳಸೇರುತ್ತದೆ, ಎಳೆಗಳು ಚೇಗಿಗೆ ಇಳಿಯುತ್ತವೆ, ಹೊರಗೆ ಮರ ಹಸಿರಾಗಿ ಹೂಬಿಟ್ಟು ಕಾಯಿ ಕಟ್ಟುತ್ತಿರುವಾಗಲೇ ಒಳಗೆ ಜ್ವಾಲೆಯಿಲ್ಲದ ಉರಿ ವರ್ಷ ವರ್ಷ ಒಂದೊಂದು ಬೆರಳಿನಷ್ಟು ಜಾಗ ಬಿಡಿಸುತ್ತ ಹೋಗುತ್ತದೆ. ಒಂದು ಹಕ್ಕಿ ಒಳಗೆ ಕೂರುವಷ್ಟು ಜಾಗವಾದ ಮೇಲೆ ಹೆಣ್ಣು ಮಂಗಟ್ಟೆ ಒಳಹೊಕ್ಕು, ಮಣ್ಣು, ಹಿಕ್ಕೆ, ಹಣ್ಣಿನ ತಿರುಳಿನಿಂದ ಬಾಯಿ ಮುಚ್ಚಿಕೊಂಡು, ಕೊಕ್ಕಿನಗಲದ ಸಂದು ಮಾತ್ರ ಬಿಟ್ಟು ಮೊಟ್ಟೆ ಇಡುತ್ತದೆ. ಗಂಡು ದಿನಕ್ಕೆ ಹಲವು ಸಲ ಹಣ್ಣು ಹೊತ್ತು ಬಂದು, ಅಣಬೆ ಬಿಡಿಸಿಕೊಟ್ಟ ಆ ಕೋಣೆಯ ಕಿಂಡಿಗೆ ಕೊಕ್ಕು ಚಾಚುತ್ತದೆ.